ಹತ್ತನೇ ಬಿಳಿ ಮನೆ

ಜನವರಿ ೩

ಭಾವನವರಿಗೆ ನಮಸ್ಕಾರ.

ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಪತ್ರ ಓದುವ ಗುಮಾಸ್ತನೇ ನಗುತ್ತಾನೆ, ಅದಕ್ಕೇ ಬರೆಯುವುದಿಲ್ಲ. ಈ ಜೈಲಿನಿಂದ ಹೊರಗೆ ಹೋಗುವ ಪ್ರತಿ ಪತ್ರವನ್ನೂ ಅವನು ಓದುತ್ತಾನೆ. ಒಂದು ವರ್ಷ ಐದು ತಿಂಗಳಲ್ಲಿ ನಾನು ಬರೆಯುತ್ತಿರುವ ಮೊದಲ ಪತ್ರ ಇದು, ಅದೂ ನಿಮಗೆ. ಒಲೆಗೆ ಹಾಕುವುದಿದ್ದರೆ ಕೊನೆಯವರೆಗೆ ಓದಿ ಆಮೇಲೆ ಹಾಕಿ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಕೇಳಿದರೂ ನೀವು ಕೊಡುವವರಲ್ಲ, ಕೊಟ್ಟರೂ ನಾನು ನಂಬುವವನಲ್ಲ. ನಿಮ್ಮ ಎಡಗೈ ಪಿಯಾನೊ ಮೇಲಿದ್ದಾಗ ಮುಚ್ಚಳ ಹಿಡಿದು ಬಡಿದವನು ನಾನು. ಒಂದಲ್ಲ, ಮೂರು ಸಲ. ಕುಡಿದು ಬಂದು ಕಾರಣವಿಲ್ಲದೆ ಬಡಿದ ಎಂದು ನೀವು ಕೋರ್ಟಿನಲ್ಲಿ ಹೇಳಿದಿರಿ. ನಾನು ಹೂಂ ಅಂದೆ. ನಾಲ್ಕು ವರ್ಷ ಹಾಕಿದರು. ಅದು ಮುಗಿದ ಮಾತು.

ಈಗಿನ ಮಾತು ಕೇಳಿ. ಹದಿನೇಳು ವರ್ಷ ಮಾಂಸದ ಅಂಗಡಿಯಲ್ಲಿ ಕತ್ತಿ ಹಿಡಿದವನೆಂದು ಇಲ್ಲಿ ನನ್ನನ್ನು ಅಡುಗೆಮನೆಗೆ ಹಾಕಿದ್ದಾರೆ. ನಮ್ಮ ಅಂಗಳದಲ್ಲಿ ಗೂಳಿ ಎಂಬುವನೊಬ್ಬನಿದ್ದಾನೆ. ಹೆಸರಿಗೆ ತಕ್ಕ ಕುತ್ತಿಗೆ. ಒಂದು ದಿನ ಬಂದು ನನ್ನ ಕಾಲರ್ ಹಿಡಿದ.

“ಏನೋ ಕಟುಕ, ಅಡುಗೆಮನೆಯಿಂದ ಒಂದು ಚೂರಿ ತಂದ್ಕೊಡ್ತೀಯೋ, ನಿನ್ನನ್ನೇ ಕತ್ತರಿಸ್ಲೋ?”

“ಕತ್ತರಿಸೋಕೂ ಚೂರಿ ಬೇಕಲ್ಲಣ್ಣ. ಅದಿಲ್ಲ ಅಂತಾನೇ ಅಲ್ವಾ ನನ್ನ ಹತ್ರ ಬಂದಿರೋದು?” ಅಂದೆ.

ಸುತ್ತಲಿದ್ದವರು ನಕ್ಕುಬಿಟ್ಟರು. ಆ ಒಂದು ನಗುವಿಗೆ ನನ್ನ ಎರಡು ಪಕ್ಕೆಲುಬು, ಮೂರು ಹಲ್ಲು ಹೋದವು. ಚೂರಿ ಕೊಡಲಿಲ್ಲ. ಇದೆಲ್ಲ ಕಚೇರಿಗೂ ಗೊತ್ತು. ಗೂಳಿ ಮಾತ್ರ ಅಂಗಳದಲ್ಲಿ ಎಲ್ಲರೆದುರು ಹೇಳಿದ್ದಾನೆ: “ಇವನು ಇಲ್ಲಿಂದ ನಡ್ಕೊಂಡು ಹೋಗಲ್ಲ, ಹೊತ್ಕೊಂಡು ಹೋಗ್ತಾರೆ.” ಅವನು ಹೇಳಿದ್ದನ್ನು ಮಾಡುವ ಮನುಷ್ಯ. ಮೊದಲೇ ಇಬ್ಬರಿಗೆ ಮಾಡಿದ್ದಾನೆ.

ಜೈಲಿನ ಆಚೆ ತುದಿಯಲ್ಲಿ ಒಂದು ಸಭಾಂಗಣವಿದೆ. ಅಲ್ಲಿ ಹಳೆಯ ಪಿಯಾನೊ, ಭಾನುವಾರ ಹಾಡುವ ಇಪ್ಪತ್ತು ಕೈದಿಗಳ ಮೇಳ. ಬಾರಿಸುತ್ತಿದ್ದವನು ಶಿಕ್ಷೆ ಮುಗಿದು ಮನೆಗೆ ಹೋದ. ಬಾರಿಸುವವನಿಗೆ ಸಭಾಂಗಣದ ಹಿಂದೆಯೇ ಕೋಣೆ. ಬೇರೆ ಬೀಗ, ಬೇರೆ ಬಚ್ಚಲು. ಗೂಳಿಯ ಕೈ ಅಲ್ಲಿಗೆ ನಿಲುಕುವುದಿಲ್ಲ. ನನಗೆ ಬರುತ್ತದೆ ಎಂದು ಹೋಗಿ ನಿಂತೆ. ನಿಮ್ಮ ಮನೆಯಲ್ಲಿ ಗೋಡೆಗೊರಗಿ ಕೂತು ನೋಡಿ ಕಲಿತದ್ದೇ ಬಂಡವಾಳ. ಬಲಗೈಯ ಒಂದು ಬೆರಳಲ್ಲಿ ಹಾಡು, ಎಡಗೈಯ ಒಂದು ಬೆರಳಲ್ಲಿ ಗುಂಯ್ ಗುಂಯ್. ಹಾಡಿನ ಮೇಷ್ಟ್ರು ಕಿವಿ ಮುಚ್ಚಿಕೊಂಡರು.

“ಏನಯ್ಯಾ ಇದು, ಇಬ್ಬರು ಕುಂಟರು ಬೀದಿ ದಾಟೋ ಹಾಗಿದೆ! ಎರಡು ಕೈ ತುಂಬ ಕಾರ್ಡ್ ಹಿಡಿದು ಬಾರಿಸು. ಇಪ್ಪತ್ತು ಗಂಟಲಿಗೆ ಕೆಳಗೊಂದು ನೆಲ ಬೇಡ್ವಾ?”

ಏಪ್ರಿಲ್ ಮೂವತ್ತಕ್ಕೆ ಎಂಟು ಹಾಡು ಬಾರಿಸಿ ತೋರಿಸಬೇಕು. ಪ್ರತಿದಿನ ಎರಡು ಗಂಟೆ ಪಿಯಾನೊ ಮುಟ್ಟಲು ಬಿಡುತ್ತಾರೆ, ಕಲಿಸುವವರಿಲ್ಲ. ಮೇಷ್ಟ್ರು ಬರುವುದು ಭಾನುವಾರ ಮಾತ್ರ, ಬಂದರೆ ಇಪ್ಪತ್ತು ಗಂಟಲು ಸರಿಮಾಡುವುದೇ ಅವರಿಗೆ ಸಾಕಾಗುತ್ತದೆ. ಕಾರ್ಡ್ ಎಂಬ ಈ ಮೂರು ಸ್ವರದ ಗೊಂಚಲನ್ನು ಎರಡು ಕೈಗೆ ಹಂಚುವುದು ಹೇಗೆ, ಒಂದರಿಂದ ಇನ್ನೊಂದಕ್ಕೆ ತಡವರಿಸದೆ ಹೋಗುವುದು ಹೇಗೆ, ಇದನ್ನು ಬಲ್ಲವರು ಈ ಲೋಕದಲ್ಲಿ ನನಗೆ ನೀವೊಬ್ಬರೇ ಗೊತ್ತು. ಎಂಥ ಗ್ರಹಚಾರ ನೋಡಿ.

ಅಕ್ಕನಿಗೆ ನನ್ನ ನೆನಪು ಹೇಳಿ.

ನಿಮ್ಮ ಮೈದುನ

*

ಜನವರಿ ೨೯

ನಿನ್ನ ಪತ್ರವನ್ನು ನಿನ್ನ ಅಕ್ಕ ಒಡೆಯದೆ ಪಿಯಾನೊ ಮೇಲೆ ಇಟ್ಟಿದ್ದಳು. ಎಂಥ ಜಾಗ ಹುಡುಕಿದಳು ನೋಡು.

ಮೂರು ಸಲ ಬಡಿದೆ ಎಂದು ಬರೆದಿದ್ದೀಯ. ನಾಲ್ಕು. ಕಿರುಬೆರಳಿನ ಎಲುಬು ಚರ್ಮ ಸೀಳಿ ಹೊರಗೆ ಬಂದದ್ದು ನಾಲ್ಕನೆಯದರಲ್ಲಿ. ನಿನಗೆ ನೆನಪಿಲ್ಲದಿದ್ದರೆ ನನಗಿದೆ, ಇಬ್ಬರಿಗೂ ಸಾಲುವಷ್ಟಿದೆ. ಈಗ ಆ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಬದುಕಿವೆ. ಉಳಿದ ಮೂರು ಬಾಗಿಲ ಚಿಲಕದ ಹಾಗೆ ಸೆಟೆದು ನಿಂತಿವೆ. ಬಟ್ಟಲಿಗೆ ತಗುಲುತ್ತವೆ, ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತವೆ.

ಹೋಟೆಲಿನ ಡಾನ್ಸ್ ಹಾಲಿನಲ್ಲಿ ಹದಿಮೂರು ವರ್ಷ ಬಾರಿಸಿದವನು ಈಗ ಅದೇ ಹಾಲಿನ ಬಾಗಿಲಲ್ಲಿ ನಿಂತು ಬಂದವರ ಕೋಟು ಇಸಿದುಕೊಂಡು ಗೂಟಕ್ಕೆ ಹಾಕುತ್ತೇನೆ. ನನ್ನ ಸ್ಟೂಲಿನ ಮೇಲೆ ಈಗ ಕೂರುವವನ ಕೋಟನ್ನೂ ನಾನೇ ಹಾಕಬೇಕು. “ಥ್ಯಾಂಕ್ಸ್ ಅಂಕಲ್” ಅನ್ನುತ್ತಾನೆ. ದಿನಾ ಅವನ ಕತ್ತು ಹಿಸುಕಬೇಕು ಅನ್ನಿಸುತ್ತದೆ. ಹಿಸುಕಲು ಎರಡು ಕೈ ಬೇಕು.

ಕಲಿಸಬೇಕಂತೆ. ಮನೆ ಸುಟ್ಟವನು ಬಂದು ಚಳಿ ಕಾಯಿಸಿಕೊಳ್ಳಲು ಕೆಂಡ ಕೇಳಿದ ಹಾಗಾಯಿತು. ಗೂಳಿಗೆ ನನ್ನ ನಮಸ್ಕಾರ ಹೇಳು. ನಿನ್ನ ಬಾಯಲ್ಲಿ ಉಳಿದಿರುವ ಹಲ್ಲುಗಳಿಗೂ ಅವನೇ ಯಜಮಾನನಾಗಲಿ.

ಇನ್ನೊಮ್ಮೆ ಬರೆಯಬೇಡ.

*

ಫೆಬ್ರವರಿ ೧೪

ಮೈದುನನಿಗೆ,

ಯೋಚಿಸಿದೆ. ಕಲಿಸುತ್ತೇನೆ. ಯಾಕೆ ಎಂದು ಕೇಳಬೇಡ, ಹಿರಿಯರು ಕೊಟ್ಟದ್ದನ್ನು ತೆಗೆದುಕೋ.

ಮೊದಲು ತಲೆಗೆ ಹಾಕಿಕೊಳ್ಳಬೇಕಾದದ್ದು. ಒಂದು ಸ್ವರ ಹಿಡಿ, ಅದು ಮೂಲ. ಅಲ್ಲಿಂದ ಬಿಳಿ ಮನೆಗಳನ್ನು, ಅಂದರೆ ಬೆರಳಿನಿಂದ ಒತ್ತುವ ಬಿಳಿ ಪಟ್ಟಿಗಳನ್ನು, ಎಣಿಸು. ಒಂದು, ಮೂರು, ಐದು. ಈ ಮೂರನ್ನು ಒಟ್ಟಿಗೆ ಒತ್ತಿದರೆ ಕಾರ್ಡ್. ಬರೀ ಬಲಗೈಯಲ್ಲಿ ಒತ್ತಿದರೆ ಮಕ್ಕಳ ಆಟ. ತುಂಬಿ ಕೇಳಬೇಕಾದರೆ ಮೂಲವನ್ನೂ ಐದನೆಯದನ್ನೂ ಕೆಳಗೆ ಎಡಗೈಗೆ ಕೊಡಬೇಕು, ಮೂರನ್ನೂ ಮೇಲೆ ಬಲಗೈಯಲ್ಲಿ ಹಿಡಿಯಬೇಕು. ಎಡಗೈಯಲ್ಲಿ ಮೂರನೆಯದನ್ನು ತೀರ ಕೆಳಗೆ ಒತ್ತಬೇಡ, ಕೆಸರಾಗುತ್ತದೆ.

ಬಲಗೈ ಕುಣಿದಾಡಬಾರದು. ಮೂಲದ ಕಾರ್ಡಿನಿಂದ ನಾಲ್ಕನೆಯ ಸ್ವರದ ಕಾರ್ಡಿಗೆ ಹೋಗುವಾಗ ಹೆಬ್ಬೆರಳು ಇದ್ದಲ್ಲೇ ಇರಲಿ, ಉಳಿದ ಎರಡು ಬೆರಳು ಒಂದೊಂದು ಮೆಟ್ಟಿಲು ಹತ್ತಲಿ. ಅಷ್ಟೇ. ಪಕ್ಕದ ಮನೆಗೆ ಹೋಗಲು ಊರು ಸುತ್ತಬೇಡ.

ಇನ್ನು ಎಡಗೈ. ದೊಡ್ಡ ವಾದಕರ ಗುಟ್ಟು ಇಲ್ಲಿದೆ. ಕಿರುಬೆರಳು ಮೂಲದ ಮೇಲೆ, ಹೆಬ್ಬೆರಳು ಅಲ್ಲಿಂದ ಹತ್ತನೇ ಬಿಳಿ ಮನೆಯ ಮೇಲೆ. ನಿನ್ನ ಕೈ ಒಂಬತ್ತು ಮುಟ್ಟುತ್ತದೆ ಎಂದು ನನಗೆ ಗೊತ್ತು. ಹತ್ತಕ್ಕೆ ಎಳೆ. ಎಳೆದು ಹಿಡಿದುಕೊಂಡೇ ನಡುವಿನ ಬೆರಳುಗಳಿಂದ ಐದನೆಯದನ್ನೂ ಎಂಟನೆಯದನ್ನೂ ಬಡಿ. ಮಣಿಕಟ್ಟು ಕಬ್ಬಿಣದ ಹಾಗೆ ಬಿಗಿ ಇರಲಿ. ದಿನಕ್ಕೆ ಒಂದು ಗಂಟೆ. ನೋವು ಬಂದರೆ ನಿಲ್ಲಿಸಬೇಡ. ನೋವು ಬಂತೆಂದರೆ ಕೈ ದಾರಿಗೆ ಬರುತ್ತಿದೆ ಎಂದರ್ಥ.

ಹೇಗಿದೆ ಎಂದು ಬರೆ. ವಿವರವಾಗಿ ಬರೆ.

ನಿನ್ನ ಭಾವ

*

ಮಾರ್ಚ್ ೨

ಭಾವನವರಿಗೆ ನಮಸ್ಕಾರ.

ಪಾಠ ಬಂದ ದಿನ ಗುಮಾಸ್ತ ಓಡಿ ಬಂದು ಕೊಟ್ಟ. ಅವನಿಗೂ ಆಸಕ್ತಿ ಹುಟ್ಟಿದೆ, ಮೇಜಿನ ಅಂಚಿನ ಮೇಲೆ ಒಂದು ಮೂರು ಐದು ಒತ್ತುತ್ತಿರುತ್ತಾನೆ. ಇನ್ನು ಎರಡು ಪತ್ರ ಹೋದರೆ ನನಗೆ ಪೈಪೋಟಿಗೆ ನಿಲ್ಲುತ್ತಾನೆ.

ಬಲಗೈಗೆ ನೀವು ಹೇಳಿದ್ದು ಮಂತ್ರದ ಹಾಗೆ ಕೆಲಸ ಮಾಡಿತು. ಹೆಬ್ಬೆರಳು ಜಾಗ ಬಿಡದೆ ಕೂತಿತು, ಉಳಿದ ಎರಡು ಹತ್ತಿ ಇಳಿದವು. ಮೊದಲ ಹಾಡಿಗೆ ಮೇಷ್ಟ್ರು ತಲೆಯಾಡಿಸಿದರು. ಆ ತಲೆಯಾಟ ಕಂಡು ನನಗೆ ಅಳು ಬಂತು ಎಂದರೆ ನಂಬುವುದಿಲ್ಲ ನೀವು.

ಎಡಗೈ ನೀವು ಹೇಳಿದಂತೆ ಎಳೆಯುತ್ತಿದ್ದೇನೆ. ಈಗ ಹತ್ತು ಮುಟ್ಟುತ್ತದೆ. ಮುಟ್ಟಿದಾಗ ಕಿರುಬೆರಳಿನ ಬುಡದಲ್ಲಿ ಟಿಕ್ ಎಂದು ಒಂದು ಸದ್ದು, ಆಮೇಲೆ ಮೊಣಕೈವರೆಗೆ ಕಾದ ತಂತಿ ಎಳೆದ ಹಾಗೆ. ಬೆಳಿಗ್ಗೆ ಎದ್ದಾಗ ಕೈ ಬನ್ನಿನ ಹಾಗೆ ಊದಿರುತ್ತದೆ. ಮೊನ್ನೆ ಅಡುಗೆಮನೆಯಲ್ಲಿ ಕತ್ತಿ ಮಸೆಯುವ ಕಲ್ಲು ಆ ಕೈಯಿಂದ ಜಾರಿ ಪಾದದ ಮೇಲೆ ಬಿತ್ತು. ಉಗುರು ಕಪ್ಪಾಗಿದೆ. ಇರಲಿ.

ಕಳೆದ ವಾರ ಗೂಳಿಯ ಕಡೆಯವನು ಊಟದ ಸಾಲಿನಲ್ಲಿ ನನ್ನ ತಟ್ಟೆಗೆ ಉಗಿದ. ನಾನು ತಟ್ಟೆಯನ್ನು ಅವನ ಮೂಗಿಗೆ ಕೊಟ್ಟೆ. ಮೂಗು ಎಡಕ್ಕೆ ತಿರುಗಿತು. “ಈಗ ಮೂಲೆ ವಾಸನೆನೂ ಸಿಗುತ್ತೆ ನಿಂಗೆ” ಅಂದೆ. ಮೂರು ದಿನ ಒಂಟಿ ಕೋಣೆ. ಮೂರು ದಿನವೂ ಮಂಚದ ಪಟ್ಟಿಯ ಮೇಲೆ ಹತ್ತನೇ ಮನೆ ಎಳೆದೆ. ನಿಮ್ಮ ಶಿಷ್ಯ ಪಾಠ ತಪ್ಪಿಸಲಿಲ್ಲ.

ಒಂದೇ ಒಂದು ಅನುಮಾನ, ಭಾವ. ಮಣಿಕಟ್ಟು ಬಿಗಿ ಇಟ್ಟುಕೊಂಡೇ ಎಳೆಯಬೇಕೇ? ಸ್ವಲ್ಪ ಸಡಿಲ ಬಿಟ್ಟರೆ ತಪ್ಪಾಗುತ್ತದೆಯೇ? ಇದೊಂದನ್ನು ಯೋಚಿಸಿ, ಖಚಿತವಾಗಿ ಬರೆಯಿರಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಮೈದುನ

*

ಮಾರ್ಚ್ ೧೫

ಮೈದುನನಿಗೆ,

ಬಿಗಿಯೇ ಇರಬೇಕು. ಸಡಿಲ ಬಿಡುವುದು ಸೋಮಾರಿಗಳ ಕೆಲಸ. ಒಂದು ಗಂಟೆಯನ್ನು ಒಂದೂವರೆ ಮಾಡು. ಜೋರಾಗಿ ಬಡಿ. ಊತಕ್ಕೆ ಹೆದರಬೇಡ.

ಇಲ್ಲಿ ಪಾಠ ಬರೆಯುವ ಮುಂಚೆ ಕೇಳಿ ನೋಡಬೇಕಲ್ಲ, ನನಗೆ ಎಡಗೈ ಇಲ್ಲ. ಅದಕ್ಕೆ ನಿನ್ನ ಅಕ್ಕನನ್ನು ಎಡಗಡೆ ಕೂರಿಸಿಕೊಳ್ಳುತ್ತೇನೆ. ಅವಳು ಕೆಳಗಿನ ಮೂಲವನ್ನೂ ಐದನೆಯದನ್ನೂ ಒತ್ತುತ್ತಾಳೆ, ನಾನು ಬಲಗೈ ಬಾರಿಸುತ್ತೇನೆ. ಅವಳಿಗೆ ತಾಳ ಇದೆ, ಒಪ್ಪಿಕೊಳ್ಳಬೇಕು. ಆದರೆ ನಿಮ್ಮ ವಂಶದ ಮೊಂಡುತನ ಎಲ್ಲಿಗೆ ಹೋಗುತ್ತದೆ? “ಈಗ ನಾಲ್ಕಕ್ಕೆ ಹೋಗು” ಎಂದು ಪಕ್ಕದಲ್ಲೇ ಕೂತು ಹೇಳುತ್ತೇನೆ, ಗೋಡೆಗೆ ಹೇಳಿದ ಹಾಗೆ. ತಿರುಗಿಯೂ ನೋಡುವುದಿಲ್ಲ. ಮೂರನೇ ಸಲ ಕೂಗಿದರೆ ಬೆಚ್ಚಿಬಿದ್ದು ಕೈ ತಲೆಗೆ ಅಡ್ಡ ತರುತ್ತಾಳೆ. ನಾಟಕ.

ಎಡಗೈ ಹೇಗಿದೆ ಎಂದು ಬರೆ. ಯಾವ ಬೆರಳು, ಎಲ್ಲಿ, ಎಷ್ಟು ನೋವು, ಎಲ್ಲ ಬರೆ.

ಭಾವ

*

ಏಪ್ರಿಲ್ ೯

ನಿನ್ನ ಉತ್ತರವಿಲ್ಲ. ಇಪ್ಪತ್ತೈದು ದಿನವಾಯಿತು. ಈ ಪತ್ರ ಕೈಗೆ ಸಿಕ್ಕಿದ ಕ್ಷಣ ಪಿಯಾನೊದಿಂದ ಎಡಗೈ ತೆಗೆ. ಹತ್ತನೇ ಮನೆ ಎಳೆಯಬೇಡ. ಈಗಲೇ ನಿಲ್ಲಿಸು.

ಕಾರಣ ಹೇಳುತ್ತೇನೆ. ನಾನು ನಿನಗೆ ಬರೆದ ಪಾಠದ ಕರಡು ಪಿಯಾನೊ ಮೇಲೇ ಇತ್ತು. ನಾನು ಹೋಟೆಲಿಗೆ ಕೆಲಸಕ್ಕೆ ಹೋಗಿದ್ದಾಗ ನಿನ್ನ ಅಕ್ಕ ಅದನ್ನು ಓದಿ, ತಮ್ಮ ಏನು ಕಲಿಯುತ್ತಿದ್ದಾನೆ ನೋಡೋಣ ಎಂದು ತಾನೇ ಎಳೆದು ನೋಡಿದ್ದಾಳೆ. ಬರೆದ ಹಾಗೆಯೇ, ಮಣಿಕಟ್ಟು ಬಿಗಿ ಮಾಡಿ. ನಾಲ್ಕು ದಿನ. ಐದನೇ ದಿನ ಹೊಲಿಗೆ ಅಂಗಡಿಯಲ್ಲಿ ಅವಳ ಕೈಯಿಂದ ಕತ್ತರಿ ಬಿದ್ದು ಪಕ್ಕದವಳ ಮೊಣಕಾಲಿಗೆ ಚುಚ್ಚಿತು. ಮನೆಗೆ ಬಂದು ಊದಿದ ಕೈಯನ್ನು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು.

“ಇದನ್ನ ಯಾರಿಗಾದ್ರೂ ಕಲಿಸಿದೀರಾ ಇಷ್ಟು ವರ್ಷದಲ್ಲಿ?”

“ಅದು… ದೊಡ್ಡವರ ಪಾಠ.”

“ದೊಡ್ಡವರೋ ಚಿಕ್ಕವರೋ, ಒಬ್ಬರಿಗಾದ್ರೂ ಕಲಿಸಿದೀರಾ?”

ನಾನು ಅನ್ನ ಕಲೆಸುತ್ತಾ ಕೂತೆ. ಅವಳು ತಟ್ಟೆ ಎತ್ತಿ ಗೋಡೆಗೆ ಎಸೆದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಒಂದು ಚಮಚ ಎಸೆದವಳಲ್ಲ. “ನನ್ ತಮ್ಮನ ಕೈ ಕೊಯ್ತಾ ಇದೀರಾ ಕಾಗದದಲ್ಲಿ!” ಅಂದಳು.

ಹೌದು, ಕೊಯ್ಯುತ್ತಿದ್ದೆ. ನನಗೆ ಕಲಿಸಿದವರು ಮೊದಲ ದಿನ ಹೇಳಿದ ಮಾತೇ ಹೀಗೆ ಮಾಡಬೇಡ, ಕೈ ಹೋಗುತ್ತದೆ ಎಂದು. ನಾನು ಅದನ್ನು ತಿರುಗಿಸಿ ಬರೆದೆ. ನೋವಿನ ವಿವರ ಕೇಳಿದ್ದು ಯಾಕೆ ಎಂದರೆ, ಓದಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ನಿಲ್ಲಿಸು. ಒಂದು ಸಾಲು ಬರೆ.

*

ಮೇ ೨

ಭಾವನವರಿಗೆ,

ಜೈಲಿನ ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೇನೆ. ನಿಮ್ಮ ಕೊನೆಯ ಪತ್ರ ಏಪ್ರಿಲ್ ಒಂಬತ್ತರದ್ದು, ನನಗೆ ಸಿಕ್ಕಿದ್ದು ಇಪ್ಪತ್ತೇಳಕ್ಕೆ. ಗಲಾಟೆಯಾದ ಮೇಲೆ ನಮ್ಮ ಅಂಗಳದ ಪತ್ರಗಳನ್ನೆಲ್ಲ ತಡೆದಿದ್ದರು.

ಗಲಾಟೆ ಏಪ್ರಿಲ್ ಹನ್ನೊಂದಕ್ಕೆ, ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ. ಗೂಳಿ, ಜೊತೆಗೆ ಇಬ್ಬರು. ಒದ್ದೆ ಟವೆಲಿನಲ್ಲಿ ಕಲ್ಲು ಸುತ್ತಿಕೊಂಡು ಬಂದಿದ್ದರು. ಮೊದಲನೆಯವನನ್ನು ಬಕೆಟ್ಟಿನಿಂದ ಮಲಗಿಸಿದೆ. ಎರಡನೆಯವನಿಗೆ ಸೋಪಿನ ನೀರೇ ಸಾಕಾಯಿತು, ಜಾರಿ ಬಿದ್ದು ತಲೆ ಒಡೆದುಕೊಂಡ. ಗೂಳಿ ಒಬ್ಬನೇ ಉಳಿದ. ಅವನನ್ನು ಕೆಡವಿ ಎದೆಯ ಮೇಲೆ ಕೂತೆ. ಎಡಗೈಯಲ್ಲಿ ಗಂಟಲು ಹಿಡಿದು ಬಲಗೈಯಲ್ಲಿ ಕೆಲಸ ಮುಗಿಸುವುದು ನನ್ನ ಕಸುಬು. ಹದಿನೇಳು ವರ್ಷ ಕುರಿಗೆ ಹಾಗೇ ಮಾಡಿದ್ದೇನೆ. ಬಲಗೈಗೆ ಕಲ್ಲು ಸಿಕ್ಕಿತ್ತು. ಎಡಗೈ ಗಂಟಲ ಮೇಲಿತ್ತು.

ಮುಚ್ಚಲಿಲ್ಲ, ಭಾವ. ಕೈ ಮುಚ್ಚಲಿಲ್ಲ. ಕಿರುಬೆರಳು, ಉಂಗುರದ ಬೆರಳು ಯಾರದೋ ಬೆರಳಿನ ಹಾಗೆ ಗಾಳಿಯಲ್ಲಿ ನಿಂತಿದ್ದವು. ಗೂಳಿ ನುಣುಚಿಕೊಂಡ. ಆಮೇಲೆ ನಡೆದದ್ದು ನನ್ನ ದವಡೆಗೆ ಗೊತ್ತು. ಎರಡು ಕಡೆ ಮುರಿದಿದೆ, ಕೊಳವೆಯಲ್ಲಿ ಗಂಜಿ ಕುಡಿಯುತ್ತೇನೆ. ಆದರೆ ಆ ಕೈ ಮುಚ್ಚಿದ್ದಿದ್ದರೆ ಅವನು ಅಲ್ಲೇ ಸಾಯುತ್ತಿದ್ದ, ನಾನು ಈ ಗೋಡೆಯೊಳಗೇ ಮುದುಕನಾಗುತ್ತಿದ್ದೆ. ಇದಕ್ಕೆ ನಿಮ್ಮನ್ನು ಬೈಯಬೇಕೋ ಹೊಗಳಬೇಕೋ ಹೊಳೆಯುತ್ತಿಲ್ಲ. ಬೈಯುವುದಕ್ಕಂತೂ ಬಾಯಿ ತೆಗೆಯಲು ಬರುವುದಿಲ್ಲ.

ನೀವು ಹೇಳಿದ್ದು ನನಗೆ ಹೊಸ ಸುದ್ದಿಯಲ್ಲ. ನಾನು ಕಟುಕ. ಮಾಂಸ ಎಲುಬಿಗೆ ಅಂಟುವ ಬಿಳಿ ನಾರು ಎಲ್ಲೆಲ್ಲಿದೆ, ಯಾವ ಕಡೆ ಎಳೆದರೆ ಹರಿಯುತ್ತದೆ ಎಂದು ಕಣ್ಣು ಮುಚ್ಚಿ ತೋರಿಸಬಲ್ಲೆ. ನಿಮ್ಮ ಮೊದಲ ಪಾಠ ಓದಿದ ದಿನವೇ ಕತ್ತಿ ಎಲ್ಲಿ ಆಡುತ್ತಿದೆ ಎಂದು ಕಂಡಿತು. ಒಳ್ಳೆಯ ಕೈಚಳಕ ಎಂದುಕೊಂಡೆ. ಮಣಿಕಟ್ಟು ಬಿಗಿ ಇಡಬೇಕೇ ಎಂದು ಕೇಳಿದ್ದು ಕಲಿಯಲಿಕ್ಕಲ್ಲ. ಬೇಡ ಅನ್ನುತ್ತೀರೇನೋ ಎಂದು. ನೀವು ಒಂದೂವರೆ ಗಂಟೆ ಅಂದಿರಿ. ಸರಿ, ಭಾವನಿಗೆ ಇದೇ ಬೇಕಿದ್ದರೆ ತೆಗೆದುಕೊಳ್ಳಲಿ, ತೆಗೆದುಕೊಂಡ ಮೇಲಾದರೂ ನಿಜವಾದ ಪಾಠ ಬರೆದಾರು ಎಂದು ಎಳೆದೆ.

ಅಷ್ಟಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಾಟಕ ಎಂದು ಬರೆದಿರಲ್ಲ, ಆ ಮಾತಿಗೆ. ಅದಕ್ಕೇ ಉತ್ತರ ಬರೆಯಲಿಲ್ಲ.

ನಿಮ್ಮ ಕೈ ಬಡಿದ ಆ ಸಂಜೆ ನಾನು ಕುಡಿದಿರಲಿಲ್ಲ. ಒಂದು ಹನಿಯೂ ಇಲ್ಲ. ಅಕ್ಕನಿಗೆಂದು ಮಾಂಸ ಕಟ್ಟಿಕೊಂಡು ಬಂದಿದ್ದೆ. ಮೆಟ್ಟಿಲ ಮೇಲಿದ್ದಾಗ ಏಟಿನ ಸದ್ದು ಕೇಳಿತು. ಒಳಗೆ ಬಂದರೆ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ಬಲಗಿವಿಯಿಂದ ರಕ್ತ ಕತ್ತಿನವರೆಗೆ ಇಳಿದಿತ್ತು. ನೀವು ಅವಳ ಕೆನ್ನೆಗೆ ಎಡಗೈಯಲ್ಲಿ ಬಾರಿಸಿ, ಹಾಗೇ ಎದ್ದು ಬಂದು ಪಿಯಾನೊ ಬಾರಿಸಲು ಕೂತಿದ್ದಿರಿ. ಅದೇ ಕೈ. ತಪ್ಪಿಲ್ಲದೆ ಬಾರಿಸುತ್ತಿದ್ದಿರಿ. ಅದನ್ನು ನನಗೆ ತಡೆಯಲಾಗಲಿಲ್ಲ.

“ನಾಲ್ಕು ಜನರ ಮುಂದೆ ನನ್ ಕಿವಿ ವಿಷಯ ಎತ್ಬೇಡ ಕಣೋ, ನಿಂಗೆ ಕೈ ಮುಗೀತೀನಿ” ಎಂದು ಅವಳು ಬೇಡಿಕೊಂಡಳು. ಅದಕ್ಕೇ ಕೋರ್ಟಿನಲ್ಲಿ ಹೂಂ ಅಂದೆ. ಆ ಕಿವಿ ಅವತ್ತೇ ಹೋಯಿತು. ಪಿಯಾನೊ ಮುಂದೆ ನಿಮ್ಮ ಎಡಗಡೆ ಕೂತ ಹೆಂಗಸು ನಿಮ್ಮ ಕಡೆಗೆ ತಿರುಗಿಸುವುದು ಯಾವ ಕಿವಿ ಎಂದು ನೀವೇ ನೋಡಿಕೊಳ್ಳಿ.

ಈಗ ಕೆಲಸದ ಮಾತು. ಗೂಳಿಯನ್ನು ಕತ್ತಲ ಕೋಣೆಗೆ ಹಾಕಿದ್ದಾರೆ. ಜೂನ್ ಒಂದಕ್ಕೆ ಅಂಗಳಕ್ಕೆ ಬರುತ್ತಾನೆ. ಮೇಷ್ಟ್ರು ನನ್ನ ಪರೀಕ್ಷೆಯನ್ನು ಮೇ ಮೂವತ್ತೊಂದಕ್ಕೆ ಮುಂದೂಡಿದ್ದಾರೆ. ಅಷ್ಟರಲ್ಲಿ ಕೋಣೆ ಸಿಗದಿದ್ದರೆ ಗೂಳಿ ಈ ಸಲ ಟವೆಲು ತರುವುದಿಲ್ಲ. ಎಡಗೈಯಲ್ಲಿ ನನಗೆ ಉಳಿದದ್ದು ಹೆಬ್ಬೆರಳು, ತೋರುಬೆರಳು, ಸ್ವಲ್ಪ ನಡುಬೆರಳು. ಇಂಥ ಕೈಯಲ್ಲಿ ತುಂಬಿದ ಕಾರ್ಡ್ ಬಾರಿಸುವುದು ಹೇಗೆ? ಇಂಥದೇ ಕೈ ಇರುವ ಗುರು ಬೇರೆ ಯಾರಿದ್ದಾರೆ? ಕಲಿಸಿ. ಈ ಸಲ ನಿಜ ಹೇಳಿ.

ಮೈದುನ

*

ಮೇ ೧೨

ಮೈದುನನಿಗೆ,

ನಿನ್ನ ಪತ್ರ ಓದಿದ ದಿನ ಬೇಗ ಮನೆಗೆ ಬಂದೆ. ನಿನ್ನ ಅಕ್ಕ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಬಲಗಡೆ ಹಿಂದೆ ನಿಂತು ಮೆಲ್ಲಗೆ ಕರೆದೆ. ಇಲ್ಲ. ಎಡಗಡೆಗೆ ಬಂದು ಅದೇ ದನಿಯಲ್ಲಿ ಕರೆದೆ.

“ಏನು?” ಅಂದಳು. ತಿರುಗಿ ನನ್ನ ಮುಖ ನೋಡಿದಳು, ನಾನು ನಿಂತ ಜಾಗ ನೋಡಿದಳು. “ಓ. ಗೊತ್ತಾಯ್ತಾ?”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನೊಂದಕ್ಕೂ ಬೀಳ್ತಿತ್ತು.”

ಅದೊಂದೇ ಏಟು ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಒಂದಲ್ಲ. ನಿನ್ನ ಅಕ್ಕ ಹೇಳುವವಳಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಮದುವೆಯಾದ ಎರಡನೇ ವರ್ಷದಿಂದ. ಬಾರಿಸುವಾಗ ತಪ್ಪಾದ ದಿನ, ಡಾನ್ಸ್ ಹಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟದ ದಿನ. ಗುಮಾಸ್ತರೂ ಓದಲಿ.

ಮರುದಿನ ಅವಳು ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಹೋದಳು. ಟ್ರಂಕನ್ನು ನಾನೇ ಹೊತ್ತುಕೊಂಡು ಹೋಗಿ ಬಿಟ್ಟು ಬಂದೆ. ಮೂರು ಅಂತಸ್ತು, ಒಂದು ಕೈ. ಬಾಗಿಲಲ್ಲಿ ನಿಂತು ಹೇಳಿದಳು: “ನನ್ ತಮ್ಮನಿಗೆ ಸರಿಯಾಗಿ ಪಾಠ ಕಳಿಸಿ. ಅದೊಂದು ಮಾಡಿ. ಮಿಕ್ಕಿದ್ದಕ್ಕೆಲ್ಲ ನಾನು ಉತ್ತರ ಹೇಳೋ ಅವಸರದಲ್ಲಿಲ್ಲ.” ಬಾಗಿಲು ಹಾಕಿಕೊಂಡಳು.

ಎಡಗಡೆ ಕೂರುವವರು ಯಾರೂ ಇಲ್ಲ. ಈ ಪಾಠವನ್ನು ಕೇಳಿ ನೋಡಲು ನನ್ನದೇ ಎಡಗೈಯನ್ನು ಮನೆಗಳ ಮೇಲಿಡಬೇಕಾಯಿತು. ಎರಡು ವರ್ಷದಲ್ಲಿ ಮೊದಲ ಸಲ. ಮೊದಲ ಸ್ವರಕ್ಕೆ ಬೆರಳ ತುದಿಯಿಂದ ಭುಜದವರೆಗೆ ಬೆಂಕಿ ಹತ್ತಿತು, ನಿನ್ನನ್ನು ಬೈದೆ. ಎರಡನೆಯದಕ್ಕೆ ನನ್ನನ್ನು. ಐದು ದಿನ ಕೂತಿದ್ದೇನೆ. ಇದು ನನ್ನ ಕೈಯಲ್ಲಿ ಆಗಿದೆ, ನಿನ್ನ ಕೈಯಲ್ಲಿ ಆಗುತ್ತದೆ.

ಒಂದೇ ಸಲಕ್ಕೆ ಒತ್ತಲಾಗದ್ದನ್ನು ಒಂದರ ಹಿಂದೊಂದು ಒತ್ತು. ತೋರುಬೆರಳಿನಿಂದ ಕೆಳಗಿನ ಮೂಲ. ಒತ್ತಿದ ಮೇಲೆ ಕಾಲಿನಿಂದ ಬಲಗಡೆಯ ಪೆಡಲ್ ತುಳಿ. ಈಗ ಬೆರಳು ಎತ್ತಿದರೂ ಸ್ವರ ಉಳಿಯುತ್ತದೆ. ಕೈಯನ್ನು ಹಗುರವಾಗಿ ಹಾರಿಸಿ ಹೆಬ್ಬೆರಳಿನಿಂದ ಮೇಲಿನ ಐದನೆಯದು. ಪೆಡಲ್ ಎರಡನ್ನೂ ಹಿಡಿದುಕೊಳ್ಳುತ್ತದೆ. ಆ ಹೊತ್ತಿಗೆ ಬಲಗೈಯ ಮೂರು ಸ್ವರ ಇಳಿಯಲಿ. ಕೇಳುವವನಿಗೆ ಐದು ಬೆರಳಿನ ಎಡಗೈ ಇದ್ದ ಹಾಗೆ ಕೇಳುತ್ತದೆ. ಕಾರ್ಡ್ ಬದಲಾಗುವಾಗ ಹೊಸ ಮೂಲ ಒತ್ತಿದ ಕೂಡಲೇ ಪೆಡಲ್ ಬಿಟ್ಟು ಮತ್ತೆ ತುಳಿ. ಮೊದಲೇ ಬಿಟ್ಟರೆ ನಡುವೆ ಗುಂಡಿ ಬೀಳುತ್ತದೆ, ತಡಮಾಡಿದರೆ ಹಳೆಯದೂ ಹೊಸದೂ ಕಲಸಿಹೋಗುತ್ತದೆ.

ಮಣಿಕಟ್ಟು ಸಡಿಲ. ಒದ್ದೆ ಬಟ್ಟೆಯ ಹಾಗೆ ಸಡಿಲ. ನೋವು ಬಂದರೆ ನಿಲ್ಲಿಸು. ಒಂದು ಸಲಕ್ಕೆ ಹತ್ತು ನಿಮಿಷ, ಆಮೇಲೆ ಬಿಸಿನೀರಿನಲ್ಲಿ ಕೈ ಇಡು. ಬಿಸಿನೀರು ಕೊಡದಿದ್ದರೆ ಗುಮಾಸ್ತರನ್ನು ಕೇಳು, ಅವರು ಇದನ್ನು ಓದಿರುತ್ತಾರೆ.

ಭೇಟಿಯ ಪಟ್ಟಿಯಲ್ಲಿ ನನ್ನ ಹೆಸರು ಬರೆಸು. ಬರುತ್ತೇನೆ. ಕೈ ಹೇಗಿಡಬೇಕು ಎಂದು ಎದುರಿಗೆ ಕೂತು ತೋರಿಸಬೇಕು.

ಭಾವ

*

ಜೂನ್ ೬

ಭಾವನವರಿಗೆ ನಮಸ್ಕಾರ.

ಗುಮಾಸ್ತ ದಿನಾ ಒಂದು ತಂಬಿಗೆ ಬಿಸಿನೀರು ತಂದುಕೊಟ್ಟ. ನಿಮ್ಮ ಪತ್ರ ಕೊಡುವಾಗ ಮಾತ್ರ ನನ್ನ ಮುಖ ನೋಡಲಿಲ್ಲ.

ಮೇ ಮೂವತ್ತೊಂದಕ್ಕೆ ಸಭಾಂಗಣ ತುಂಬಿತ್ತು. ಇನ್ನೂರು ಜನ ಬೆಂಚಿನ ಮೇಲೆ, ಇಪ್ಪತ್ತು ಜನ ವೇದಿಕೆಯ ಮೇಲೆ, ನಾನು ಮೂಲೆಯಲ್ಲಿ, ದವಡೆಗೆ ಇನ್ನೂ ಪಟ್ಟಿ. ಮೊದಲ ಹಾಡಿಗೆ ಅವಸರಪಟ್ಟು ಪೆಡಲ್ ಮೊದಲೇ ಬಿಟ್ಟೆ, ನೀವು ಹೇಳಿದ ಗುಂಡಿ ಬಿತ್ತು. ಎರಡನೆಯದರಿಂದ ಕೈ ಹಾರತೊಡಗಿತು. ತೋರುಬೆರಳು, ಕಾಲು, ಹೆಬ್ಬೆರಳು. ತೋರುಬೆರಳು, ಕಾಲು, ಹೆಬ್ಬೆರಳು. ಮೇಲೆ ಬಲಗೈ ತನ್ನ ಪಾಡಿಗೆ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಆರನೇ ಹಾಡಿನಲ್ಲಿ ಗೂಳಿಯ ಕಡೆಯವನು, ಅದೇ ಮೂಗು ತಿರುಗಿದವನು, ತಗಡಿನ ಲೋಟ ಬೀಸಿ ಎಸೆದ. ನೇರ ಹಣೆಗೆ ಬಿತ್ತು. ರಕ್ತ ಎಡಗಣ್ಣಿಗಿಳಿದು ಆಮೇಲೆ ಮನೆಗಳ ಮೇಲೆ ತೊಟ್ಟಿಕ್ಕಿತು. ಬೆರಳು ಜಾರುತ್ತಿತ್ತು. ಹಿಂದೆ ಬೆಂಚು ಉರುಳಿದ ಸದ್ದು, ಲಾಠಿಯ ಸದ್ದು, ಯಾರದೋ ಕೂಗು. “ನಿಲ್ಲಿಸ್ಬೇಡ! ನಿಲ್ಲಿಸಿದ್ರೆ ಇವ್ರೂ ನಿಲ್ತಾರೆ!” ಎಂದು ಮೇಷ್ಟ್ರು ಕೂಗಿದರು. ನಾನು ಏಳಬಹುದಿತ್ತು. ಒಂದು ಕ್ಷಣ ಬಲಗೈ ಎದ್ದೂ ಇತ್ತು, ನಿಜ ಹೇಳುತ್ತೇನೆ. ಆದರೆ ಮುಂದಿನ ಕಾರ್ಡ್ ಬಂದುಬಿಟ್ಟಿತು. ಎಂಟೂ ಮುಗಿಸಿದೆ.

ಮೇಷ್ಟ್ರು ತಮ್ಮ ಕರ್ಚೀಫು ಕೊಟ್ಟು ಕೇಳಿದರು, “ಯಾರಯ್ಯಾ ಕಲಿಸಿದ್ದು?”

“ನಮ್ ಭಾವ.”

“ಪುಣ್ಯವಂತ ಬಿಡು ನೀನು, ಅಂಥ ಭಾವ ಸಿಗೋಕೆ.”

ನಕ್ಕುಬಿಟ್ಟೆ. ದವಡೆಯ ಪಟ್ಟಿ ಬಿಚ್ಚಿಕೊಂಡಿತು.

ಅವತ್ತೇ ಸಂಜೆ ನನ್ನ ಹಾಸಿಗೆ ಸಭಾಂಗಣದ ಹಿಂದಿನ ಕೋಣೆಗೆ ಬಂತು. ಮರುದಿನ ಗೂಳಿ ಅಂಗಳಕ್ಕೆ ಬಂದು ನನ್ನನ್ನು ಹುಡುಕಿದನಂತೆ. ಈಗ ಕಂಬಿಯ ಆಚೆ ನಿಂತು ಬೈಯುತ್ತಾನೆ, ನಾನು ಈಚೆ ಕೂತು ಬಾರಿಸುತ್ತೇನೆ. ಬೈಗುಳಕ್ಕೂ ಅವನು ಒಳ್ಳೆಯ ತಾಳ ಇಟ್ಟುಕೊಂಡಿದ್ದಾನೆ.

ಭೇಟಿಯ ಪಟ್ಟಿಯ ಮಾತು. ಅಕ್ಕನ ಹೆಸರು ಬರೆಸಿದ್ದೇನೆ. ನಿಮ್ಮದು ಬರೆಸಿಲ್ಲ. ಮದುವೆಯಾದ ಎರಡನೇ ವರ್ಷದಿಂದ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ದಿನಾ ಓದುತ್ತೇನೆ. ಅಷ್ಟೂ ವರ್ಷ ನಾನು ವಾರಕ್ಕೊಮ್ಮೆ ನಿಮ್ಮ ಮನೆಗೆ ಬಂದು, ಗೋಡೆಗೊರಗಿ ಕೂತು, ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಎಷ್ಟು ಚಂದ ಬಾರಿಸುತ್ತಾರೆ ಎಂದುಕೊಳ್ಳುತ್ತಿದ್ದೆ. ನೀವು ಎದುರಿಗೆ ಬಂದು ಕೂತರೆ ನನ್ನ ಕೈ ಏನು ಮಾಡುತ್ತದೋ ನನಗೇ ಭರವಸೆ ಇಲ್ಲ. ಬಲಗೈ ಇನ್ನೂ ಚೆನ್ನಾಗಿದೆ, ಭಾವ. ಅದು ನಿಮಗೂ ಗೊತ್ತಿರಲಿ.

ಅದಕ್ಕೆ ಕಾಗದದಲ್ಲೇ ಇರೋಣ. ಮೇಷ್ಟ್ರು ಒಂಬತ್ತನೇ ಹಾಡು ಕೊಟ್ಟಿದ್ದಾರೆ. ಅದರ ಮೂಲ ಕಪ್ಪು ಮನೆ, ಕಿರಿದು, ಹಾರಿ ಬಂದ ತೋರುಬೆರಳು ಅಲ್ಲಿ ನಿಲ್ಲದೆ ಪಕ್ಕಕ್ಕೆ ಜಾರುತ್ತದೆ. ಏನು ಮಾಡಬೇಕು, ಬರೆಯಿರಿ. ಹೇಗೆ ಬರೆಯುತ್ತೀರೋ ಹಾಗೇ ಬಾರಿಸುತ್ತೇನೆ.

ನಿಮ್ಮ ಮೈದುನ